ಒಂದಡಿ ತಪ್ಪಿದ ಸುಣ್ಣದ ಗೆರೆ

ಬೆಳಗಿನ ಐದೂಮುಕ್ಕಾಲು. ಗ್ರಂಥಾಲಯದ ಹಿಂದಿನ ಮೈದಾನದಲ್ಲಿ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಐವತ್ತು ದಾಟಿದ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು ನೆಲಕ್ಕೆ ಕಬ್ಬಿಣದ ಗೂಟ ಹೊಡೆಯುತ್ತಿದ್ದಾರೆ. ಗೂಟಕ್ಕೆ ದಾರ ಬಿಗಿದು, ಅದನ್ನು ಇನ್ನೊಂದು ಗೂಟಕ್ಕೆ ಎಳೆದು ಕಟ್ಟುತ್ತಾರೆ. ಆಮೇಲೆ ತಳಕ್ಕೆ ತೂತು ಕೊರೆದ ಹಳೆಯ ಡಬ್ಬಿಯೊಂದನ್ನು ಕೈಗೆತ್ತಿಕೊಂಡು, ದಾರದ ಗುಂಟ ಬಾಗಿ ನಡೆಯುತ್ತಾ ಮೆಲ್ಲಗೆ ಅಲ್ಲಾಡಿಸುತ್ತಾರೆ. ಒದ್ದೆ ಮಣ್ಣಿನ ಮೇಲೆ ನಾಲ್ಕು ಬೆರಳು ಅಗಲದ ಬಿಳಿ ಗೆರೆ ಮೂಡುತ್ತಾ ಹೋಗುತ್ತದೆ.

ಬೆಳಗಿನ ನಡಿಗೆಗೆ ಬಂದ ಹಿರಿಯರೊಬ್ಬರು ಕೈ ಬೀಸಿಕೊಂಡು ಗೆರೆ ದಾಟುತ್ತಾರೆ.

"ಅದು ಗೋಡೆ ಕಣ್ರೀ!" ಹೆಂಗಸು ಕೂಗುತ್ತಾರೆ. "ಗೋಡೆ ತೂರ್ಕೊಂಡು ಹೋಗ್ತಿದ್ದೀರಲ್ಲ. ಬಾಗಿಲು ಈ ಕಡೆ ಇದೆ, ಬನ್ನಿ."

ಹಿರಿಯರು ನಾಲಿಗೆ ಕಚ್ಚಿಕೊಂಡು, ಹಿಂದಕ್ಕೆ ಸರಿದು, ಬಾಗಿಲಿನಿಂದಲೇ ಒಳಗೆ ಬಂದು, ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಹೋಗುವಾಗ, "ಇವತ್ತು ಏನಮ್ಮಾ ಇದು?" ಎಂದು ವಿಚಾರಿಸುತ್ತಾರೆ.

"ಬಸ್ ನಿಲ್ದಾಣದ ಹೆಂಗಸರ ಶೌಚಾಲಯ ಸಾರ್. ನೀವು ಈಗ ನಿಂತಿರೋದು ಮೂರನೇ ಬಾಗಿಲ ಮುಂದೆ."

ಹಿರಿಯರು ನಡಿಗೆಯ ವೇಗ ಹೆಚ್ಚಿಸುತ್ತಾರೆ.

ಈ ಹೆಂಗಸನ್ನು ಇಲ್ಲಿ ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಎಂಟೂವರೆಗೆ ಈ ಮೈದಾನದಲ್ಲಿ ಕಟ್ಟಡ ವಿನ್ಯಾಸದ ಬಗ್ಗೆ ಒಂದು ಸಾರ್ವಜನಿಕ ಉಪನ್ಯಾಸ ನಡೆಯುತ್ತದೆ. ಸುತ್ತಮುತ್ತಲ ಬೀದಿಗಳಲ್ಲಿ ಏನು ಕಟ್ಟಲು ಹೊರಟಿದ್ದಾರೋ ಅದರ ವಾಸ್ತುಶಿಲ್ಪಿ ಬಂದು ಮಾತಾಡುತ್ತಾರೆ. ಅವರು ಬಾಯಿಬಿಡುವ ಮೊದಲೇ ಆ ಕಟ್ಟಡ ನೆಲದ ಮೇಲೆ, ನಿಜವಾದ ಅಳತೆಯಲ್ಲಿ, ಸುಣ್ಣದಲ್ಲಿ ಎದ್ದಿರುತ್ತದೆ. ಬಂದವರು ಮೊದಲು ಅದರೊಳಗೆ ಓಡಾಡುತ್ತಾರೆ, ಆಮೇಲೆ ಮಾತು ಕೇಳುತ್ತಾರೆ. ಏಳು ವರ್ಷಗಳಲ್ಲಿ ಗೆರೆಯಕ್ಕ ಹೀಗೆ ಎಪ್ಪತ್ತೆಂಟು ಕಟ್ಟಡಗಳನ್ನು ಬರೆದಿದ್ದಾರೆ. ಒಂದಕ್ಕೆ ಎರಡರಿಂದ ಮೂರು ಚೀಲ ಸುಣ್ಣದ ಪುಡಿ, ಮುನ್ನೂರು ಅಡಿ ದಾರ, ನಲವತ್ತು ಗೂಟ ಬೇಕು. ಬಾಗಿ ನಡೆಯುವ ನಡಿಗೆಯೇ ಎರಡು ಗಂಟೆ.

"ಉಪನ್ಯಾಸ ಮಾಡಿದವರ ಫೋಟೋ ಗ್ರಂಥಾಲಯದಲ್ಲಿ ಹಾಕ್ತಾರೆ," ಎನ್ನುತ್ತಾರೆ ಗೆರೆಯಕ್ಕ, ಸೊಂಟ ನೀವಿಕೊಳ್ಳುತ್ತಾ. "ನನ್ನ ಫೋಟೋನೂ ಒಂದ್ಸಲ ಬಂದಿತ್ತು. ಬೆನ್ನು ಮಾತ್ರ."

ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತವರು ಅವರ ಗಂಡ. ಮೂವತ್ತು ವರ್ಷ ಕ್ರೀಡಾಂಗಣದಲ್ಲಿ ಓಟದ ಪಥಗಳಿಗೆ ಗೆರೆ ಎಳೆದವರು. ಮೊಣಕಾಲು ಕೈಕೊಟ್ಟ ಮೇಲೆ ಅವರ ಕೆಲಸ ಅಳತೆ ಓದಿ ಹೇಳುವುದು, ಜೊತೆಗೆ ಹೆಂಡತಿಯ ಮಾತಿಗೆ ಮಾತು ಕೊಡುವುದು.

"ನಾಲ್ಕೂವರೆ," ಎನ್ನುತ್ತಾರೆ ಅವರು.

"ಯಾವುದು ನಾಲ್ಕೂವರೆ ರೀ? ಗೋಡೆನಾ, ಬಾಗಿಲಾ? ಪೂರ್ತಿ ಹೇಳೋಕೆ ಬಾಯಿ ನೋಯುತ್ತಾ?"

"ಒಳಗಿನ ಅಗಲ ಕಣೇ. ಬಾಗಿಲು ನಾಲ್ಕೂವರೆ ಇಟ್ರೆ ಬಸ್ಸೇ ಒಳಗೆ ಬರುತ್ತೆ."

ಮದುವೆಯಾಗಿ ಬಂದ ಹೊಸತರಲ್ಲಿ ಗೆರೆಯಕ್ಕ ಗಂಡನಿಗೆ ಊಟ ಕೊಡಲು ಕ್ರೀಡಾಂಗಣಕ್ಕೆ ಹೋಗುತ್ತಿದ್ದರು. ಡಬ್ಬಿ ಕೊಟ್ಟು ಬರುವ ಬದಲು ಕುಳಿತು ನೋಡುತ್ತಿದ್ದರು. ಮೂರಡಿ, ನಾಲ್ಕಡಿ, ಐದಡಿಯ ದಾರಗಳನ್ನು ತ್ರಿಕೋನವಾಗಿ ಎಳೆದು ಕಟ್ಟಿದರೆ ಮೂಲೆ ಎಳ್ಳಷ್ಟೂ ಸೊಟ್ಟಗಾಗುವುದಿಲ್ಲ ಎಂಬುದನ್ನು ಅಲ್ಲೇ ಕಲಿತರು. ಒಂದು ಸಲ ಗಂಡನಿಗೆ ಜ್ವರ ಬಂದು, ಮರುದಿನವೇ ಶಾಲಾ ಕ್ರೀಡಾಕೂಟ ಇತ್ತು. ಎಂಟು ಪಥಗಳನ್ನೂ ಇವರೊಬ್ಬರೇ ಬರೆದರು. ಬಾಗುವ ಜಾಗದಲ್ಲಿ ಗೆರೆ ಗಂಡನ ಗೆರೆಗಿಂತ ಚೆನ್ನಾಗಿ ಬಂದಿತ್ತಂತೆ. "ಅದನ್ನ ಅವರು ಇವತ್ತಿಗೂ ಒಪ್ಪಲ್ಲ," ಎಂದು ಇವರು ನಗುತ್ತಾರೆ. "ಜ್ವರದಲ್ಲಿ ಸರಿಯಾಗಿ ನೋಡ್ಲಿಲ್ಲ," ಎಂದು ಕುರ್ಚಿಯಿಂದ ಉತ್ತರ ಬರುತ್ತದೆ.

ಉಪನ್ಯಾಸಗಳಿಗೆ ಅವರು ಬಂದು ಸೇರಿದ್ದು ಆಕಸ್ಮಿಕ. ವಾಸ್ತುಶಿಲ್ಪ ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಗ್ರಂಥಾಲಯದ ಮಹಡಿಯಲ್ಲಿ ಈ ಮಾತುಗಳನ್ನು ಶುರು ಮಾಡಿದ್ದರು. ತಮ್ಮ ಬೀದಿಯಲ್ಲಿ ಏನು ಕಟ್ಟುತ್ತಾರೆಂದು ಜನಕ್ಕೆ ಮೊದಲೇ ಗೊತ್ತಾಗಬೇಕು, ಕಟ್ಟಿದ ಮೇಲೆ ಹಣೆ ಬಡಿದುಕೊಂಡು ಏನೂ ಉಪಯೋಗವಿಲ್ಲ ಎಂಬುದು ಅವರ ಹಟ. ಪರದೆಯ ಮೇಲೆ ಚಿತ್ರಗಳು ಬರುತ್ತಿದ್ದವು, ಹೋಗುತ್ತಿದ್ದವು. ಬರುತ್ತಿದ್ದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ಫ್ಯಾನಿನ ಕೆಳಗೆ ತೂಕಡಿಸಲೆಂದೇ ಬರುವವರು. ಒಂದು ದಿನ ಹೊಸ ವಸತಿಗೃಹಗಳ ನಕ್ಷೆ ತೋರಿಸುವಾಗ ಮುದುಕಿಯೊಬ್ಬರು ಎದ್ದು, "ಆ ಕೋಣೆ ಎಷ್ಟು ದೊಡ್ಡದಪ್ಪಾ?" ಎಂದು ಕೇಳಿದರು. ಮೇಷ್ಟ್ರು ಮೀಟರಿನ ಲೆಕ್ಕದಲ್ಲಿ ಉತ್ತರ ಕೊಟ್ಟರು. ಮುದುಕಿ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮೇಷ್ಟ್ರು ಮುಖ ಸಪ್ಪಗೆ ಮಾಡಿಕೊಂಡು ಕಿಟಕಿಯ ಬಳಿ ನಿಂತಾಗ, ಕೆಳಗೆ ಮೈದಾನದಲ್ಲಿ ಗೆರೆಯಕ್ಕ ವಾಲಿಬಾಲ್ ಅಂಕಣ ಬರೆಯುತ್ತಿದ್ದರು. ಅವರು ಮೆಟ್ಟಿಲು ಇಳಿದು ಓಡಿಬಂದು ಕೇಳಿದ ಮಾತು ಗೆರೆಯಕ್ಕನಿಗೆ ಇನ್ನೂ ನೆನಪಿದೆ: "ಅಮ್ಮಾ, ನನಗೊಂದು ಕೋಣೆ ಬರೆದುಕೊಡ್ತೀಯಾ?"

"ತಲೆ ಕೆಟ್ಟಿದೆಯೇನೋ ಅಂದ್ಕೊಂಡೆ," ಎನ್ನುತ್ತಾರೆ ಗೆರೆಯಕ್ಕ. "ಆದ್ರೂ ಬರೆದೆ. ಆ ಅಜ್ಜಿನ ವಾಪಸ್ ಕರೆಸಿದ್ರು. ಅವರು ಒಳಗೆ ಬಂದು ಸುತ್ತ ಒಂದ್ಸಲ ನೋಡಿ, ಇಲ್ಲಿ ನನ್ನ ಮಂಚ, ಇಲ್ಲಿ ಪೆಟ್ಟಿಗೆ, ಹಾಗಾದ್ರೆ ನನ್ನ ಮೊಮ್ಮಗಳು ಎಲ್ಲಿ ಮಲಗ್ತಾಳೆ ಅಂದ್ರು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದ್ರು."

ಅಂದಿನಿಂದ ಮಾತು ಮಹಡಿಯಿಂದ ಮೈದಾನಕ್ಕೆ ಇಳಿಯಿತು. ಹನ್ನೊಂದು ಜನ ಎಪ್ಪತ್ತಾದರು, ಕೆಲವು ಸಲ ನೂರೈವತ್ತು. ಅಂಗಡಿಯವರು, ದರ್ಜಿ, ಬಸ್ ಚಾಲಕರು, ಮನೆಗೆಲಸ ಮುಗಿಸಿ ಬಂದ ಹೆಂಗಸರು. ಒಂದು ಅಂಗನವಾಡಿಯ ಕಿಟಕಿ ಮಕ್ಕಳ ಎತ್ತರಕ್ಕೆ ಇಳಿಯಿತು. ಮಾರುಕಟ್ಟೆಯ ಇಳಿಜಾರು ದಾರಿ ತಳ್ಳುಗಾಡಿಗೆ ತಕ್ಕಷ್ಟು ಅಗಲವಾಯಿತು. ಗೆರೆಯಕ್ಕನ ಗೆರೆ ಎಂದರೆ ಜನಕ್ಕೆ ಕಣ್ಣುಮುಚ್ಚಿ ನಂಬುವ ಗೆರೆಯಾಯಿತು.

ಕಷ್ಟ ಬಂದದ್ದು ಆ ನಂಬಿಕೆಯಿಂದಲೇ.

ಎರಡೂವರೆ ವರ್ಷದ ಹಿಂದಿನ ಮಾತು. ಹದಿನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಈ ಬಡಾವಣೆಗೆ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ ಮಂಜೂರಾಗಿತ್ತು. ನಕ್ಷೆ ಮಾಡಿದವಳು ಇಪ್ಪತ್ತೆಂಟರ ಯುವತಿ, ಅವಳ ಮೊದಲ ಸ್ವತಂತ್ರ ಕೆಲಸ. ಆ ಭಾನುವಾರ ಬೆಳಗ್ಗೆ ಗೆರೆಯಕ್ಕ ಹೊರಗೋಡೆ ಬರೆದು, ಒಂದು ಬದಿಯ ಕೋಣೆಗಳನ್ನು ಬರೆದು, ಇನ್ನೇನು ನಡುವಿನ ಓಣಿಗೆ ಕೈಹಾಕಬೇಕು, ಅಷ್ಟರಲ್ಲಿ ಗಂಡನ ಮೊಣಕಾಲು ಹಿಡಿದುಕೊಂಡಿತು. ಅವರನ್ನು ಮನೆಗೆ ಕಳಿಸಿ, ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದು ಟೇಪಿನ ತುದಿ ಹಿಡಿಸಿ ಕೆಲಸ ಮುಗಿಸಿದರು.

ಅಂದು ನೂರಮೂವತ್ತು ಜನ ಸೇರಿದ್ದರು. ಹಿರಿಯ ದಾದಿಯೊಬ್ಬರಿಗೆ ಪರೀಕ್ಷೆ ಮಾಡಿಯೇ ನೋಡಬೇಕೆನಿಸಿತು. ಅವರೂ ಅಂಬ್ಯುಲೆನ್ಸ್ ಚಾಲಕರೂ ಒಂದು ಮಂಚವನ್ನು ಹಿಂದೆ ಮುಂದೆ ಹಿಡಿದು ಓಣಿಯಲ್ಲಿ ನಡೆದರು. ಹೆರಿಗೆ ಕೋಣೆಯ ಬಾಗಿಲಿಗೆ ತಿರುಗುವಾಗ ದಾದಿಯ ಬೆನ್ನು ಗೋಡೆ ದಾಟಿತು. ಇನ್ನೊಂದು ಸಲ ತಿರುಗಿಸಿದರು, ಚಾಲಕರ ಬೆನ್ನು ದಾಟಿತು.

"ನೋವು ತಿನ್ನೋ ಹೆಂಗಸನ್ನ ಇಲ್ಲಿ ನಿಲ್ಲಿಸ್ಕೊಂಡು ನಾನೇನು ಮಾಡ್ಲಿ?" ದಾದಿ ಮಂಚ ಕೆಳಗಿಟ್ಟು ಕೇಳಿದರು.

"ನಾನು ಕಾಗದದ ಮೇಲೆ ನಾಲ್ಕು ಸಲ ತಿರುಗಿಸಿ ನೋಡಿದ್ದೆ..." ಎಂದಳು ಯುವತಿ.

"ಕಾಗದದ ಮೇಲೆ ಏನು ಬೇಕಾದ್ರೂ ತಿರುಗುತ್ತಮ್ಮಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ನಗು ಬೇಗ ಸಿಟ್ಟಿಗೆ ತಿರುಗಿತು. ಹದಿನಾಲ್ಕು ವರ್ಷ ಕಾದದ್ದು ಇದಕ್ಕಾ ಎಂದರು. ಮಧ್ಯಾಹ್ನದೊಳಗೆ ನೂರಹನ್ನೆರಡು ಸಹಿಗಳ ಮನವಿ ಸಿದ್ಧವಾಯಿತು: ಈ ನಕ್ಷೆಯಲ್ಲಿ ಆಸ್ಪತ್ರೆ ಬೇಡ. ನಕ್ಷೆಗೆ ಒಪ್ಪಿಗೆ ಕೊಡುವ ಸಭೆ ಗುರುವಾರ ಪಾಲಿಕೆ ಕಚೇರಿಯಲ್ಲಿತ್ತು. ನಕ್ಷೆ ಬಿದ್ದುಹೋದರೆ ಆ ನಿವೇಶನದಲ್ಲಿ ಗೋದಾಮು ಕಟ್ಟಲು ಕೆಲವರು ತುದಿಗಾಲಲ್ಲಿ ನಿಂತಿದ್ದರು ಎಂಬುದು ಸಹಿ ಹಾಕಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಯುವತಿ ನಕ್ಷೆ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು.

ಸೋಮವಾರ ಬೆಳಗ್ಗೆ ಗೆರೆಯಕ್ಕ ಪೊರಕೆ ಹಿಡಿದು ಮೈದಾನಕ್ಕೆ ಬಂದರು. ಶಾಲೆಯವರಿಗೆ ಹತ್ತು ಗಂಟೆಗೆ ಮೈದಾನ ಬೇಕಿತ್ತು, ಆಸ್ಪತ್ರೆಯನ್ನು ಅಳಿಸಬೇಕಿತ್ತು. ಮೊಣಕಾಲು ಸ್ವಲ್ಪ ಸುಧಾರಿಸಿದ್ದರಿಂದ ಗಂಡನೂ ಕುಂಟುತ್ತಾ ಜೊತೆಗೆ ಬಂದಿದ್ದರು. ಗೆರೆಯಕ್ಕ ಓಣಿಯ ಆಚೆ ಬದಿಯ ಔಷಧಿ ಕೋಣೆಯಿಂದ ಗುಡಿಸಲು ಶುರು ಮಾಡಿ, ಹಾಗೆಯೇ ನಿಂತರು. ಕೋಣೆ ಯಾಕೋ ದೊಡ್ಡದಾಗಿ ಕಂಡಿತು. ಪೊರಕೆಯ ಕೋಲು ಸರಿಯಾಗಿ ನಾಲ್ಕಡಿ. ನಕ್ಷೆಯ ಪ್ರಕಾರ ಆ ಕೋಣೆ ಎಂಟಡಿ, ಅಂದರೆ ಎರಡು ಕೋಲು. ಎರಡು ಕೋಲು ಹಾಕಿದ ಮೇಲೂ ಒಂದಡಿ ಉಳಿಯಿತು.

"ದೊಡ್ಡದಾಗಿದೆ ಅಂತ ಯಾರು ದೂರ್ತಾರೆ ಹೇಳಿ?" ಎಂದು ಕೇಳುತ್ತಾರೆ ಗೆರೆಯಕ್ಕ. "ಅದಕ್ಕೇ ಯಾರ ಕಣ್ಣಿಗೂ ಬೀಳ್ಲಿಲ್ಲ. ಆ ಒಂದಡಿ ಎಲ್ಲಿಂದ ಬಂತು ಅಂತ ಯೋಚನೆ ಹತ್ತಿತು ನೋಡಿ."

ಪಕ್ಕದ ಓಣಿಗೆ ಕೋಲು ಹಾಕಿದರು. ಆರಡಿ ಇರಬೇಕಾದದ್ದು ಐದೇ ಅಡಿ ಇತ್ತು.

ಕಾರಣ ಅವರಿಗೆ ಆ ಕ್ಷಣದಲ್ಲೇ ಹೊಳೆಯಿತು. ಅವರ ಉಕ್ಕಿನ ಟೇಪು ಕ್ರೀಡಾಂಗಣದ ಕಾಲದ್ದು. ಅದರ ಮೊದಲ ಒಂದಡಿ ತುಕ್ಕು ಹಿಡಿದು ಮುರಿದಾಗ ಗಂಡ ಅದನ್ನು ಕತ್ತರಿಸಿ, ಒಂದಡಿಯ ಗುರುತಿನಲ್ಲೇ ತುದಿ ಹಿಡಿಯುವ ಬಳೆ ಕೂಡಿಸಿದ್ದರು. ಟೇಪು ಸೊನ್ನೆಯ ಬದಲು ಒಂದರಿಂದ ಶುರುವಾಗುತ್ತಿದ್ದರಿಂದ ಪ್ರತಿ ಅಳತೆಗೂ ಒಂದು ಸೇರಿಸಿ ಹೇಳುವುದು ಅವರ ರೂಢಿ. ಆರಡಿ ಬೇಕಿದ್ದರೆ ಅವರು "ಏಳಕ್ಕೆ ಹಿಡಿ" ಎನ್ನುತ್ತಿದ್ದರು. ಆ ಭಾನುವಾರ ಓಣಿ ಅಳೆಯುವಾಗ ಏಳು ಎನ್ನುವವರು ಇರಲಿಲ್ಲ. ಗೆರೆಯಕ್ಕ ನಕ್ಷೆಯಲ್ಲಿ ಆರು ಎಂದು ಓದಿ, ಟೇಪಿನಲ್ಲೂ ಆರಕ್ಕೇ ಹಿಡಿದಿದ್ದರು.

ವಿಷಯ ಕೇಳಿ ಗಂಡ ತಾವೂ ಒಂದು ಸಲ ಕೋಲು ಹಾಕಿ ನೋಡಿದರು. ಆಮೇಲೆ ಅತ್ತಿತ್ತ ನೋಡಿ ಹೇಳಿದರು: "ಅಳಿಸಿಬಿಡು."

ಮೈದಾನದಲ್ಲಿ ಇನ್ಯಾರೂ ಇರಲಿಲ್ಲ. ಪೊರಕೆ ಕೈಯಲ್ಲೇ ಇತ್ತು.

"ಅಳಿಸಿದ್ರೆ ಆ ಹುಡುಗಿ ಗತಿಯೇನು ರೀ?"

"ಹೇಳಿದ್ರೆ ನಿನ್ನ ಗತಿಯೇನು? ಇನ್ನು ನಿನ್ನ ಗೆರೆನ ಯಾರು ನಂಬ್ತಾರೆ? ಮೇಷ್ಟ್ರ ಮಾತಿಗೆ ಯಾರು ಬರ್ತಾರೆ?"

ಗೆರೆಯಕ್ಕ ಪೊರಕೆಯನ್ನು ಗಂಡನ ಕೈಗೆ ಕೊಟ್ಟರು. ಗೆರೆ ಯಾರೂ ತುಳಿಯದ ಹಾಗೆ ಓಣಿಯ ಎರಡೂ ಬದಿಗೆ ಕಲ್ಲು ಜೋಡಿಸಿದರು. ಶಾಲೆಯ ಆಟದ ಮೇಷ್ಟ್ರಿಗೆ, "ಎರಡು ದಿನ ಮಕ್ಕಳನ್ನ ಆ ಕಡೆ ಆಡಿಸ್ಕೊಳ್ಳಿ," ಎಂದು ಹೇಳಿ, ನೇರ ಯುವತಿಯ ಕಚೇರಿಗೆ ನಡೆದರು. ಅವಳು ಬೇರೆ ಕೆಲಸಕ್ಕೆ ಅರ್ಜಿ ಬರೆಯುತ್ತಾ ಕುಳಿತಿದ್ದಳು.

"ಕೇಳಿದ ಮೇಲೆ ಬೈತಾಳೆ ಅಂದ್ಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಗೆರೆಯಕ್ಕ. "ಅವಳು ಅಂದಿದ್ದು ಇಷ್ಟೇ. ಅಕ್ಕಾ, ನಿನ್ನೆಯಿಂದ ನನ್ನ ನಕ್ಷೆನ ನಾನೇ ಹತ್ತು ಸಲ ಅನುಮಾನಿಸಿದೆ, ನಿಮ್ಮ ಗೆರೆನ ಒಂದ್ಸಲನೂ ಅನುಮಾನಿಸ್ಲಿಲ್ಲ ಅಂತ. ನನಗೆ ನಿಂತಲ್ಲೇ ನೆಲ ಬಾಯಿಬಿಡಬಾರದಾ ಅನ್ನಿಸ್ತು."

ಮಂಗಳವಾರ ಸಂಜೆ ಐದಕ್ಕೆ ಮೇಷ್ಟ್ರು ಎಲ್ಲರನ್ನೂ ಮತ್ತೆ ಕರೆಸಿದರು. ಅದೇ ಮೈದಾನದಲ್ಲಿ, ಅದೇ ಗೆರೆಗಳ ಮುಂದೆ, ಗೆರೆಯಕ್ಕ ಮೊದಲ ಸಲ ಮೈಕು ಹಿಡಿದರು. ಮೈಕು ಗಲ್ಲಕ್ಕೆ ತಾಗಿ ಸದ್ದಾಯಿತು. "ಭಾನುವಾರ ತಪ್ಪಿದ್ದು ನಕ್ಷೆ ಅಲ್ಲ, ನನ್ನ ಗೆರೆ. ಈ ಹುಡುಗಿದು ಏನೂ ತಪ್ಪಿಲ್ಲ," ಎಂದು ಹೇಳಿ ನಿಲ್ಲಿಸಿದರು. ಮುಂದೆ ಹೇಳಬೇಕೆಂದುಕೊಂಡು ಬಂದದ್ದೆಲ್ಲ ಮರೆತುಹೋಯಿತು.

ಆಗ ಹಿಂದಿನಿಂದ ಗಂಡ ಎದ್ದು ನಿಂತರು. "ಟೇಪು ಕತ್ತರಿಸಿದ್ದು ನಾನು. ಹೊಸದು ತರೋಣ ಅಂತ ಇವಳು ಹನ್ನೊಂದು ವರ್ಷದಿಂದ ಹೇಳ್ತಿದ್ಲು, ನಾನೇ ಬಿಡ್ಲಿಲ್ಲ. ನನ್ನನ್ನೂ ಸೇರಿಸ್ಕೊಂಡು ಬೈಯಿರಿ."

ಯಾರೂ ಬೈಯಲಿಲ್ಲ. ಆದರೆ ಒಬ್ಬರು ಕೇಳಬೇಕಾದ್ದನ್ನೇ ಕೇಳಿದರು: "ಹಾಗಾದ್ರೆ ಇಷ್ಟು ವರ್ಷ ಬರೆದಿದ್ದೆಲ್ಲ ಸರಿ ಇತ್ತು ಅನ್ನೋದಕ್ಕೆ ಏನು ಗ್ಯಾರಂಟಿ?"

"ಅನುಮಾನ ಬರಬೇಕಾದ್ದೇ," ಎಂದರು ಗೆರೆಯಕ್ಕ. "ನನ್ನ ಮಾತು ನಂಬಬೇಡಿ. ನೀವೇ ಬಂದು ಅಳೀರಿ."

ಗುಂಪಿನಿಂದ ದರ್ಜಿ ಮುಂದೆ ಬಂದರು. ಅಂಗಡಿಯಿಂದ ಎದ್ದು ಬಂದವರು, ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಬಟ್ಟೆ ಅಳೆಯುವ ಟೇಪು ಸರಿಯಾಗಿ ಐದಡಿ. ಓಣಿಯ ಒಂದು ಗೆರೆಗೆ ತುದಿ ಇಟ್ಟರು, ಇನ್ನೊಂದು ಗೆರೆಗೆ ಟೇಪು ಮುಗಿಯಿತು. "ಪೂರಾ ಐದು. ಒಂದು ನೂಲೂ ಹೆಚ್ಚಿಲ್ಲ," ಎಂದು ಕೂಗಿ ಹೇಳಿದರು. ಗೆರೆಯಕ್ಕ ಹಳೆಯ ಗೆರೆಯನ್ನು ಗುಡಿಸಿ, ಎಲ್ಲರೆದುರಿಗೆ ಒಂದಡಿ ಆಚೆಗೆ ಹೊಸದು ಎಳೆದರು. ದರ್ಜಿ ಮತ್ತೆ ಅಳೆದರು: ಒಂದು ಟೇಪು, ಅದರ ಮೇಲೆ ಹನ್ನೆರಡು ಇಂಚು.

ದಾದಿಯೂ ಚಾಲಕರೂ ಮಂಚ ಎತ್ತಿದರು. ಓಣಿಯಲ್ಲಿ ನಡೆದರು. ಬಾಗಿಲ ಬಳಿ ಮೆಲ್ಲಗೆ ತಿರುಗಿದರು. ಜನ ದಾದಿಯ ಹಿಮ್ಮಡಿಯನ್ನೇ ನೋಡುತ್ತಿದ್ದರು. ಹಿಮ್ಮಡಿ ಗೆರೆಗೆ ಅಂಗೈಯಷ್ಟು ಈಚೆಯೇ ಉಳಿಯಿತು. ಮಂಚ ಒಳಗೆ ಹೋಯಿತು. ದಾದಿ ಅದನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, "ಹೆರಿಗೆ ಆಯ್ತು ಬಿಡ್ರಪ್ಪಾ!" ಎಂದದ್ದೇ ತಡ, ಮೈದಾನವೆಲ್ಲ ನಕ್ಕಿತು. ಯುವತಿ ನಗುತ್ತಲೇ ಅತ್ತಳು. ಗೆರೆಯಕ್ಕ ಸುಣ್ಣದ ಡಬ್ಬಿಯ ಮೇಲೇ ಕುಳಿತುಬಿಟ್ಟರು.

"ಎರಡು ದಿನದಿಂದ ಎದೆ ಮೇಲೆ ಯಾರೋ ಕೂತಿದ್ದ ಹಾಗಿತ್ತು," ಎಂದು ಅವರು ಈಗ ಹೇಳುತ್ತಾರೆ. "ಆ ಮಂಚ ತಿರುಗಿದಾಗ ಇಳಿದ್ರು. ಆವತ್ತು ಮನೆಗೆ ಹೋಗಿ ಉಂಡ ಊಟದಂಥ ಊಟ ಇನ್ನೊಂದು ಉಂಡಿಲ್ಲ. ಬರೀ ಗಂಜಿ."

ದಾದಿ ಅಷ್ಟಕ್ಕೇ ಬಿಡಲಿಲ್ಲ. ಒಳಕ್ಕೆ ತೆರೆಯುವ ಬಾಗಿಲು ಮಂಚಕ್ಕೆ ತಾಗುತ್ತದೆ, ಪಕ್ಕಕ್ಕೆ ಜಾರುವ ಬಾಗಿಲು ಬೇಕು ಎಂದರು. ಯುವತಿ ಅಲ್ಲೇ ಬರೆದುಕೊಂಡಳು. ಬುಧವಾರ ಮನವಿ ವಾಪಸ್ಸಾಯಿತು. ಅದೇ ನೂರಹನ್ನೆರಡು ಜನ ಇನ್ನೊಂದು ಪತ್ರಕ್ಕೆ ಸಹಿ ಹಾಕಿದರು: ಆಸ್ಪತ್ರೆ ಬೇಕು, ಬಾಗಿಲು ಜಾರುವಂಥದ್ದು ಬೇಕು. ಗುರುವಾರದ ಸಭೆಯಲ್ಲಿ ನಕ್ಷೆ ಪಾಸಾಯಿತು.

ಆಸ್ಪತ್ರೆ ಶುರುವಾಗಿ ಈಗ ಒಂದು ವರ್ಷ ದಾಟಿದೆ. ಮುನ್ನೂರಕ್ಕೂ ಹೆಚ್ಚು ಮಕ್ಕಳು ಅಲ್ಲಿ ಹುಟ್ಟಿವೆ. ಉದ್ಘಾಟನೆಯ ದಿನ ಎಲ್ಲರೂ ಭಾಷಣ ಕೇಳುತ್ತಿದ್ದಾಗ ಗೆರೆಯಕ್ಕ ಚೀಲದಲ್ಲಿ ಹೊಸ ಟೇಪು ಇಟ್ಟುಕೊಂಡು ಮೆಲ್ಲಗೆ ಒಳಗೆ ಹೋಗಿದ್ದರು.

"ಅಳೆದ್ರಾ?" ಎಂದು ಕೇಳಿದರೆ ನಗುತ್ತಾರೆ.

"ಅಳೀದೆ ಇರ್ತೀನಾ? ಆರಡಿ. ಕಾಲಿಂಚು ಜಾಸ್ತಿನೇ ಇತ್ತು."

ಆ ಮಂಗಳವಾರದಿಂದ ಉಪನ್ಯಾಸದ ಕ್ರಮವೇ ಬದಲಾಗಿದೆ. ಮೊದಲ ಕಾಲು ಗಂಟೆ ಅಳೆಯುವುದಕ್ಕೆ ಮೀಸಲು. ಬಂದವರಲ್ಲಿ ಯಾರು ಬೇಕಾದರೂ ಟೇಪು ಹಿಡಿಯಬಹುದು, ದರ್ಜಿಯಂತೂ ತಪ್ಪದೆ ಹಿಡಿಯುತ್ತಾರೆ. ಜನ ಮುಂಚೆಗಿಂತ ಹೆಚ್ಚೇ ಬರುತ್ತಾರೆ. "ಮೊದಲು ಜನ ಕೇಳಿಸ್ಕೊಂಡು ಹೋಗ್ತಿದ್ರು," ಎನ್ನುತ್ತಾರೆ ಮೇಷ್ಟ್ರು. "ಈಗ ಅಳೆದವರು ಮಾತಾಡದೆ ಹೋಗಲ್ಲ. ನಾನು ನಲವತ್ತು ವರ್ಷ ಪಾಠ ಮಾಡಿ ಕಲಿಸೋಕೆ ಆಗದ್ದನ್ನ ಆಕೆ ಒಂದು ತಪ್ಪು ಒಪ್ಕೊಂಡು ಕಲಿಸಿದ್ಲು."

ಎಂಟೂವರೆ ಆಗಿದೆ. ಶೌಚಾಲಯದ ಗೆರೆಗಳೊಳಗೆ ಐವತ್ತು ಅರವತ್ತು ಹೆಂಗಸರು ಓಡಾಡುತ್ತಿದ್ದಾರೆ. ಒಬ್ಬಾಕೆ ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದು ಮೂರನೇ ಬಾಗಿಲಿನ ಒಳಗೆ ನಿಂತು ಕೇಳುತ್ತಾರೆ: "ಸರಿ ಸಾರ್, ಈಗ ನಾನು ಈ ಮಗುನ ಎಲ್ಲಿಡ್ಲಿ?" ವಾಸ್ತುಶಿಲ್ಪಿ, ಮೀಸೆ ಸರಿಯಾಗಿ ಮೂಡದ ತರುಣ, ಕಿವಿಯವರೆಗೆ ಕೆಂಪಾಗಿ ಪುಸ್ತಕ ತೆರೆಯುತ್ತಾನೆ. ಗೆರೆಯಕ್ಕ ಮರದ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದಾರೆ. ಸುಣ್ಣ ತಿಂದು ಬಿರುಕು ಬಿಟ್ಟ ಬೆರಳುಗಳಿಗೆ ಲೋಟದ ಬಿಸಿ ಹಿತವಾಗಿದೆ.

ಮಳೆ ಬಂದರೆ ಅಳಿಸಿಹೋಗುವ ಕೆಲಸ ಮಾಡಿ ಬೇಸರವಾಗುವುದಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. "ಗೆರೆ ಹೋದ್ರೆ ಹೋಗ್ಲಿ. ಆರಡಿ ಅಂದ್ರೆ ಎಷ್ಟು ಅಂತ ಇಲ್ಲಿ ನಡೆದವರ ಕಾಲಿಗೆ ಗೊತ್ತಾಗಿದೆ. ಇನ್ನು ಯಾರೂ ಅವರಿಗೆ ಐದನ್ನ ಆರು ಅಂತ ಹೇಳೋಕೆ ಆಗಲ್ಲ. ನಾನೂ ಸೇರಿ."

ಬೇರೆ ಆಸೆ ಏನಾದರೂ ಇದೆಯೇ? ಅವರು ಸ್ವಲ್ಪ ಯೋಚಿಸಿ, ಲೋಟ ಕೆಳಗಿಟ್ಟು, ನೆಲದ ಮೇಲೆ ಬೆರಳಿನಿಂದ ಅಡ್ಡಡ್ಡ ನಾಲ್ಕು ಗೆರೆ ಎಳೆಯುತ್ತಾರೆ.

"ಮುಂದಿನ ತಿಂಗಳು ರೈಲು ಹಳಿ ದಾಟೋ ಸೇತುವೆ ಬಗ್ಗೆ ಮಾತು. ಪೂರ್ತಿ ಮೆಟ್ಟಿಲು. ನೆಲದ ಮೇಲೆ ಬರೆದ್ರೆ ಮೆಟ್ಟಿಲು ಹೀಗೆ, ಮಲಗಿಸಿದ ಏಣಿ ಥರ ಕಾಣುತ್ತೆ. ಎತ್ತರ ಎಷ್ಟು ಅಂತ ವಯಸ್ಸಾದವರ ಮೊಣಕಾಲಿಗೆ ಹೇಗೆ ಗೊತ್ತಾಗ್ಬೇಕು?" ಗೆರೆಗಳನ್ನು ಅಂಗೈಯಿಂದ ಒರೆಸಿ ಮತ್ತೆ ಎಳೆಯಲು ಶುರು ಮಾಡುತ್ತಾರೆ. "ಅದೊಂದು ಬರೆಯೋಕೆ ಕಲ್ತುಬಿಟ್ರೆ ಸಾಕು ನನಗೆ."